ಸೊನ್ನೆ ನೋವಿನ ದರ್ಜಿ

ಹೆಂಡತಿ: ಒಳಗೆ ಹೋಗಿ ನೋವು ಸೊನ್ನೆ ಅಂದ್ರೆ ನೋಡಿ, ನಾನು ಇಲ್ಲಿಂದ ಎದ್ದು ನೇರ ಮನೆಗೆ ಹೋಗ್ತೀನಿ.

ದರ್ಜಿ: ಹೋಗು. ಬೀಗದ ಕೈ ನನ್ನ ಜೇಬಲ್ಲಿದೆ.

ಹೆಂಡತಿ: ಬೆಳಿಗ್ಗೆ ಚಪ್ಪಲಿ ಹಾಕೋಕೆ ಬಗ್ಗಿದೋರು ಗೋಡೆ ಹಿಡ್ಕೊಂಡು ಕಣ್ಣು ಮುಚ್ಚಿ ನಿಂತುಬಿಟ್ರಲ್ಲ, ಅದು ಸೊನ್ನೆನಾ?

ದರ್ಜಿ: ಯೋಚನೆ ಮಾಡ್ತಿದ್ದೆ.

ಹೆಂಡತಿ: ಒಂದು ಕಾಲು ಮೇಲೆತ್ತಿಕೊಂಡು ಯಾರ್ರೀ ಯೋಚನೆ ಮಾಡ್ತಾರೆ?

ದರ್ಜಿ: ಕೊಕ್ಕರೆ ಮಾಡಲ್ವಾ?

ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ನಡೆದಿದ್ದ ಈ ಮಾತಿಗೆ ಎದುರು ಬೆಂಚಿನವರೆಲ್ಲ ತಲೆ ಬಗ್ಗಿಸಿ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಹೆಂಡತಿಗೆ ನಗು ಬರಲಿಲ್ಲ. ಗಂಡ ಹೆಂಡತಿ ಇಬ್ಬರದೂ ಒಂದೇ ಅಂಗಡಿ, ಒಂದೇ ಕಸುಬು. ಅವನು ಮಿಷನ್ ತುಳಿಯುವವನು, ಅವಳು ಕೈಹೊಲಿಗೆಯವಳು. ಅವನಿಗೆ ದಾರ ಒಂದೇ ಉಸಿರಿಗೆ ಈ ತುದಿಯಿಂದ ಆ ತುದಿಗೆ ಓಡಬೇಕು. ಅವಳಿಗೆ ಅಲ್ಲಲ್ಲಿ ನಿಂತು, ಗಂಟು ಹಾಕಿ, ಮುಂದೆ ಹೋಗಬೇಕು. ಮದುವೆಯಾದ ವಾರ ಶುರುವಾದ ಈ ಜಗಳದಲ್ಲಿ ಮಕ್ಕಳು ಹುಟ್ಟಿ ಬೆಳೆದರು, ಮೊಮ್ಮಗಳೂ ಬಂದಳು, ತೀರ್ಪು ಮಾತ್ರ ಬಂದಿರಲಿಲ್ಲ.

ತೀರ್ಪು ಕೊಡುವವರು ಈಗ ಸಿಕ್ಕಿದ್ದರು. ದರ್ಜಿಗೆ ಹರ್ನಿಯಾ ಆಗಿ ಆಪರೇಷನ್ ಆಯಿತು. ಅದೇ ತಿಂಗಳು ಮೊಮ್ಮಗಳು ಬಟನ್‌ಗೂ, ಅದೇ ಕಟ್ಟಡದ ಮಕ್ಕಳ ವಿಭಾಗದಲ್ಲಿ, ಅದೇ ಕಾಯಿಲೆಗೆ ಆಪರೇಷನ್ ಆಯಿತು. ಇಲ್ಲಿಯ ಡಾಕ್ಟರುಗಳು ಒಂದು ಸಂಶೋಧನೆ ನಡೆಸಿದ್ದರು. ಗಾಯವನ್ನು ಒಂದೇ ಎಳೆಯಲ್ಲಿ ಓಡಿಸಿ ಹೊಲಿದರೆ ಬೇಗ ಮಾಯುತ್ತದೋ, ಬಿಡಿಬಿಡಿ ಗಂಟು ಹಾಕಿದರೆ ಬೇಗ ಮಾಯುತ್ತದೋ, ಅದು ದೊಡ್ಡವರಲ್ಲಿ ಹೇಗೆ, ಮಕ್ಕಳಲ್ಲಿ ಹೇಗೆ ಎಂದು. ಯಾರಿಗೆ ಯಾವ ಹೊಲಿಗೆ ಎನ್ನುವುದನ್ನು ಚೀಟಿ ಎತ್ತಿ ಗೊತ್ತುಮಾಡುತ್ತಿದ್ದರು. ರೋಗಿಗೂ ಹೇಳುತ್ತಿರಲಿಲ್ಲ, ನೋವು ಕೇಳಿ ಬರೆದುಕೊಳ್ಳುವ ನರ್ಸಿಗೂ ಹೇಳುತ್ತಿರಲಿಲ್ಲ.

ಆದರೆ ಮನೆಯಲ್ಲಿ ಗಾಯದ ಪಟ್ಟಿ ಬದಲಿಸುವವರ ಕಣ್ಣು ಕಟ್ಟುವುದು ಹೇಗೆ? ದರ್ಜಿಯ ಹೊಟ್ಟೆ ದೊಡ್ಡದು, ಅದರ ಆಚೆಗಿನ ಊರು ಅವನಿಗೆ ಕಂಡು ಬಹಳ ಕಾಲವಾಗಿತ್ತು. ಪಟ್ಟಿ ಬದಲಿಸುತ್ತಿದ್ದವಳು ಹೆಂಡತಿ. ಅವಳು ಗಾಯ ನೋಡಿದ್ದಳು, ಹೊಲಿಗೆಯನ್ನೂ ನೋಡಿದ್ದಳು. ಕೊನೆಯ ಪ್ರಶ್ನೆ ಮುಗಿಯುವ ತನಕ ಯಾರಿಗೂ ಹೇಳಕೂಡದು ಎಂದು ನರ್ಸು ಮೊದಲ ದಿನವೇ ಅವಳಿಂದ ಮಾತು ತೆಗೆದುಕೊಂಡಿದ್ದಳು. ಅಂದಿನಿಂದ ಆ ತಾಯಿ ಬಾಯಿಗೆ ತಾನೇ ಹೊಲಿಗೆ ಹಾಕಿಕೊಂಡು ಕೂತಿದ್ದಳು. ಈಗ ನಾಲ್ಕು ದಿನದಿಂದ ಗಾಯದ ಮೇಲೆ ಒಂದು ಕೆಂಪು ಗೆರೆ ಎದ್ದಿತ್ತು. ಅದು ಅವಳ ನಿದ್ದೆ ಕೆಡಿಸಿತ್ತು.

ಹೆಂಡತಿ: ಸಡಿಲ ಪೈಜಾಮ ಹಾಕ್ಕೊಳ್ಳಿ ಅಂದೆ, ಅದೂ ಬೇಡ. ಡಾಕ್ಟ್ರಿಗೆ ತೋರಿಸಿ ಅಂದೆ, ಅದೂ ಬೇಡ.

ದರ್ಜಿ: ದರ್ಜಿಯಾದವನು ಪೈಜಾಮದಲ್ಲಿ ಆಸ್ಪತ್ರೆಗೆ ಬಂದ್ರೆ ನಾಳೆ ಅಂಗಡಿಗೆ ಯಾರು ಬರ್ತಾರೆ? ಈ ಪ್ಯಾಂಟು ನೋಡು, ಮಡಿಕೆ ಮುಟ್ಟಿದ್ರೆ ಬೆರಳು ಕುಯ್ಯತ್ತೆ.

ಹೆಂಡತಿ: ಕೆಂಪಗಾಗಿದೆ ಅಂತ ನಾನೇ ಹೇಳ್ತೀನಿ.

ದರ್ಜಿ: ಹೇಳು. ನಾನು ಬಿಚ್ಚಿ ತೋರಿಸಲ್ಲ. ಹೊಟ್ಟೆ ನಂದು, ಪಟ್ಟಿ ನಂದು. ನಂಗೆ ನೋವಿಲ್ಲ ಅಂದ ಮೇಲೆ ಮುಗೀತು.

ಹೆಂಡತಿ: ಯಾಕ್ರೀ ಈ ಹಟ?

ದರ್ಜಿ: ಬಾ ಇಲ್ಲಿ, ಬಲಗಡೆ ಬಾ, ಎಡಗಿವಿ ಕೇಳಿಸಲ್ಲ ಅಂತ ಗೊತ್ತಲ್ಲ. ಗುಟ್ಟು ಹೇಳ್ತೀನಿ. ನಂಗೆ ಹಾಕಿರೋದು ಒಂದೇ ಎಳೆ. ನನ್ನ ಹೊಲಿಗೆ.

ಹೆಂಡತಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಹೆಂಡತಿ: ನಿಮಗೆ ಯಾರು ಹೇಳಿದ್ರು?

ದರ್ಜಿ: ಯಾರು ಹೇಳಬೇಕು? ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ರು, ನಾನು ಎಚ್ಚರವಾಗೇ ಇದ್ದೆ. ಎದುರಿಗೆ ಪರದೆ. ಕಣ್ಣಿಗೆ ಕಾಣದಿದ್ರೇನು, ಕಿವಿ ಇಲ್ವಾ? ಗಂಟು ಹಾಕಿದ್ರೆ ಪ್ರತಿ ಗಂಟಿಗೂ ಕತ್ತರಿ ಕಚಕ್ ಅನ್ನಬೇಕು. ಒಂದು ಸಲವೂ ಅನ್ನಲಿಲ್ಲ. ಸುಯ್ ಅಂತ ಎಳೆದು ಮುಗಿಸಿದ್ರು ಪುಣ್ಯಾತ್ಮರು.

ಹೆಂಡತಿ: ಅದಕ್ಕೆ ಸೊನ್ನೆನಾ?

ದರ್ಜಿ: ಮತ್ತೆ? ನಾನೇ ನೋವು ಅಂದ್ರೆ ನನ್ನ ಹೊಲಿಗೆ ಸೋಲುತ್ತೆ. ಆಮೇಲೆ ನೀನು ಸಾಯೋ ತನಕ ನನ್ನ ತಲೆ ಮೇಲೆ ಗಂಟು ಹಾಕ್ತಾ ಇರ್ತೀಯ.

ಹೆಂಡತಿ ಬಾಯಿ ತೆರೆದಳು. ಕೊಟ್ಟ ಮಾತು ನೆನಪಾಯಿತು. ಮುಚ್ಚಿದಳು. ಆ ಹೊತ್ತಿಗೆ ಬಾಗಿಲು ತೆರೆದು ನರ್ಸು ಕರೆದಳು. ಬಂದಾಗಲೆಲ್ಲ ಬರೀ ಪ್ರಶ್ನೆ ಕೇಳುತ್ತಾಳೆಂದು ಬಟನ್ ಇವಳಿಗೆ ಪ್ರಶ್ನೆ ಅಕ್ಕ ಎಂದು ಹೆಸರಿಟ್ಟಿದ್ದಳು. ಬೆಂಚಿನಿಂದ ಬೆಂಚಿಗೆ ಹಾರುತ್ತಿದ್ದ ಬಟನ್ ಕರೆ ಕೇಳಿದ್ದೇ ತಡ ಹೊಟ್ಟೆ ಹಿಡಿದುಕೊಂಡು ಕುಂಟುತ್ತ ಒಳಗೆ ಹೋದಳು.

ಪ್ರಶ್ನೆ ಅಕ್ಕ: ಮೊದಲು ಬಟನ್. ಈ ಮುಖಗಳಲ್ಲಿ ನಿನ್ನ ಹೊಟ್ಟೆ ಯಾವುದು, ಬೆರಳಿಟ್ಟು ತೋರಿಸು.

ಹಲಗೆಯ ಮೇಲೆ ಸಾಲಾಗಿ ಮುಖಗಳಿದ್ದವು. ಈ ತುದಿಯದು ನಗುತ್ತಿತ್ತು, ಆ ತುದಿಯದು ಕಣ್ಣೀರು ಕೋಡಿ ಹರಿಸುತ್ತಿತ್ತು. ಬಟನ್ ಬಿಸ್ಕತ್ತು ತಿನ್ನುತ್ತಲೇ ಅಳುವ ಮುಖದ ಮೇಲೆ ಬೆರಳಿಟ್ಟಳು.

ಪ್ರಶ್ನೆ ಅಕ್ಕ: ಅಯ್ಯೋ, ಅಷ್ಟೊಂದಾ? ಯಾವಾಗ ನೋಯುತ್ತೆ?

ಬಟನ್: ಡ್ರಿಲ್ ಪೀರಿಯಡ್ಡಲ್ಲಿ.

ಪ್ರಶ್ನೆ ಅಕ್ಕ: ಮನೇಲಿ ಆಡುವಾಗ?

ಬಟನ್: ಮನೇಲಿ ಡ್ರಿಲ್ ಇಲ್ಲ.

ಪ್ರಶ್ನೆ ಅಕ್ಕ: ಭಾನುವಾರ?

ಬಟನ್: ಭಾನುವಾರ ಡ್ರಿಲ್ ಮೇಷ್ಟ್ರೇ ಇರಲ್ಲ.

ಹೆಂಡತಿ: ನೋವು ಹೋಗೋ ತನಕ ಓಡಿಸಬಾರದು ಅಂತ ಡಾಕ್ಟ್ರು ಸ್ಕೂಲಿಗೆ ಹೇಳಿದಾರೆ ಕಣಮ್ಮ. ಇವಳ ನೋವು ಹತ್ತನೇ ಕ್ಲಾಸು ಮುಗಿಯೋವರೆಗೂ ಹೋಗಲ್ಲ.

ದರ್ಜಿ: ಬಿಡು, ಮಗು ಸುಳ್ಳು ಹೇಳಲ್ಲ. ಇವಳಿಗೆ ಹಾಕಿರೋದು ಗಂಟು, ನಾನೇ ನೋಡಿದೀನಿ. ನೋಯದೆ ಏನಾಗುತ್ತೆ?

ಪ್ರಶ್ನೆ ಅಕ್ಕ ಪೆನ್ನು ಕೈಬಿಟ್ಟು ಎರಡೂ ಕಿವಿಗೆ ಬೆರಳಿಟ್ಟುಕೊಂಡಳು.

ಪ್ರಶ್ನೆ ಅಕ್ಕ: ಹೇಳಬೇಡಿ ಅಂತ ಎಷ್ಟು ಸಲ ಬೇಡಿಕೊಳ್ಳಲಿ? ನಂಗೆ ಗೊತ್ತಾಗಬಾರದು.

ದರ್ಜಿ: ಏನೂ ಗೊತ್ತಾಗಬಾರದು ಅಂತ ಸಂಬಳ ಕೊಡೋ ಕೆಲಸ ಇದೊಂದೇ ನೋಡು.

ಪ್ರಶ್ನೆ ಅಕ್ಕ: ಗೊತ್ತಾದ್ರೆ ಕೇಳೋ ಧಾಟಿಯಲ್ಲೇ ಪಕ್ಷಪಾತ ಬಂದುಬಿಡುತ್ತೆ ತಾತ. ಇರಲಿ, ನಿಮ್ಮದು ಹೇಳಿ. ಏನೂ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು.

ದರ್ಜಿ: ಎದುರು ಪಾರ್ಟಿಯೋರು ಎಷ್ಟು ಹೇಳಿದ್ರು?

ಪ್ರಶ್ನೆ ಅಕ್ಕ: ಎದುರು ಪಾರ್ಟಿ ಯಾವುದೂ ಇಲ್ಲ.

ದರ್ಜಿ: ಹಾಗಾದ್ರೆ ಸೊನ್ನೆ. ಸೊನ್ನೆಗಿಂತ ಕೆಳಗೆ ಇದ್ರೆ ಅದನ್ನೇ ಬರ್ಕೊಳ್ಳಿ.

ಹೆಂಡತಿ: ಇವರ ಗಾಯದ ಮೇಲೆ ಕೆಂಪಗೆ ಗೆರೆ ಎದ್ದಿದೆ ತಾಯಿ. ಡಾಕ್ಟ್ರು ಒಂದು ಸಲ ನೋಡಲಿ.

ಪ್ರಶ್ನೆ ಅಕ್ಕ: ಹೌದಾ ತಾತ? ಈಗಲೇ ಕರೀತೀನಿ.

ದರ್ಜಿ: ಬೇಡ. ಬಿಚ್ಚೋಕೆ ನಾನು ಬಿಡಲ್ಲ. ನಿಮ್ಮ ಕಾಗದದಲ್ಲೇ ಇದೆ, ನನ್ನ ಒಪ್ಪಿಗೆ ಇಲ್ಲದೆ ಮುಟ್ಟಬಾರದು ಅಂತ. ಓದಿಸಿಕೊಂಡೇ ಸಹಿ ಹಾಕಿದೀನಿ.

ಪ್ರಶ್ನೆ ಅಕ್ಕ ಇಬ್ಬರನ್ನೂ ಮಿಕಿಮಿಕಿ ನೋಡಿದಳು.

ಪ್ರಶ್ನೆ ಅಕ್ಕ: ನಡೆಯಲಾರದೆ ಬಂದ ತಾತನಿಗೆ ಸೊನ್ನೆ. ಬೆಂಚು ಹಾರಿ ಬಂದ ಮೊಮ್ಮಗಳಿಗೆ ಹತ್ತು. ಇಬ್ಬರನ್ನೂ ಕೂಡಿಸಿ ಭಾಗ ಮಾಡಿದ್ರೆ ನಿಮ್ಮ ಮನೆಗೆ ಐದು ನೋವು. ಅದರಿಂದ ಯಾರ ಹೊಟ್ಟೆ ವಾಸಿಯಾಗುತ್ತೆ ಹೇಳಿ?

ದರ್ಜಿ ನಗಲು ಹೋದ. ನಗು ಹೊಟ್ಟೆಯಿಂದ ಎದ್ದು ಬರುವಂಥದ್ದು, ಅರ್ಧ ದಾರಿಯಲ್ಲಿ ಗಾಯ ಅಡ್ಡ ಬಂತು. ಕೆಮ್ಮಿದಂತೆ ಮಾಡಿದ. ಕೆಮ್ಮು ಅದಕ್ಕಿಂತ ಕಷ್ಟವಾಯಿತು. ಹಣೆಯ ಮೇಲೆ ಬೆವರು ಸಾಲುಗಟ್ಟಿದ್ದನ್ನು ಹೆಂಡತಿ ನೋಡಿದಳು. ಅವಳ ಸಿಟ್ಟು ಅಲ್ಲಿಗೆ ಇಳಿದುಹೋಯಿತು. ಕುರ್ಚಿ ಎಳೆದುಕೊಂಡು ಅವನ ಬಲಕ್ಕೆ ಬಂದು ಕೂತಳು.

ಹೆಂಡತಿ: ರೀ, ಆ ದಪ್ಪ ಮ್ಯಾನೇಜರ ಕೋಟು ನೆನಪಿದೆಯಾ?

ದರ್ಜಿ: ಅವನ ಹೆಸರೆತ್ತಬೇಡ.

ಪ್ರಶ್ನೆ ಅಕ್ಕ: ಯಾವ ಮ್ಯಾನೇಜರು?

ಹೆಂಡತಿ: ಹೊಸ ಥರದ ಕಂಕುಳು ಕತ್ತರಿಸಿ ಇವರು ಒಬ್ಬರಿಗೆ ಕೋಟು ಹೊಲಿದಿದ್ರು ತಾಯಿ. ಹಾಕಿ ನೋಡೋಕೆ ಕೊಟ್ಟಾಗ ಇವರು ಸುತ್ತ ಸುತ್ತಿ ಕೇಳ್ತಾರೆ, ಎಲ್ಲಾದರೂ ಬಿಗಿ ಇದೆಯಾ ಸ್ವಾಮಿ, ಕೈ ಎತ್ತಿ ನೋಡಿ ಅಂತ. ಆ ಮನುಷ್ಯ ತುಂಬಾ ಒಳ್ಳೆಯವರು. ಇವರ ಮನಸ್ಸು ನೋಯಿಸಬಾರದು ಅಂತ, ಏನೂ ಬಿಗಿ ಇಲ್ಲ, ಬಹಳ ಚೆನ್ನಾಗಿದೆ ಅಂದ್ರು.

ದರ್ಜಿ: ಒಳ್ಳೆಯವನಂತೆ. ಮಾರನೇ ದಿನ ಎದುರಂಗಡಿಯಲ್ಲಿ ಕಂಕುಳು ಬಿಚ್ಚಿಸಿದ.

ಹೆಂಡತಿ: ಅದು ನಮಗೆ ಗೊತ್ತಾಗಿದ್ದು ಯಾವಾಗ? ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಇವರು ಅದೇ ಕಂಕುಳು ನೆಚ್ಚಿಕೊಂಡು ಎಲ್ಲರಿಗೂ ಹೊಲಿದುಬಿಟ್ಟಿದ್ರು. ಆ ವರ್ಷ ನಮ್ಮ ಬೀದಿಯ ಗಂಡಸರು ಯಾರೂ ಕೈ ಎತ್ತಿ ಬಸ್ಸು ನಿಲ್ಲಿಸಲಿಲ್ಲ.

ಪ್ರಶ್ನೆ ಅಕ್ಕ ಬಾಯಿಗೆ ಹಲಗೆ ಅಡ್ಡ ಹಿಡಿದಳು. ದರ್ಜಿ ನಗಲಿಲ್ಲ.

ಹೆಂಡತಿ: ಅವತ್ತು ನೀವೇನಂದ್ರಿ? ಬಿಗಿ ಇದೆ ಅಂತ ಒಂದು ಮಾತು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು, ಮುಂದಿನವರಿಗಾದರೂ ಸರಿಯಾಗಿ ಕತ್ತರಿಸ್ತಿದ್ದೆ ಅಂತ ಊಟ ಬಿಟ್ಟು ಕೂತಿದ್ರಿ. ಈಗ ನಿಮ್ಮನ್ನ ನಿಲ್ಲಿಸಿ, ಎಲ್ಲಿ ಬಿಗಿ ಅಂತ ಈ ತಾಯಿ ಕೇಳ್ತಿದಾಳೆ. ನೀವು ಚೆನ್ನಾಗಿದೆ ಅಂತೀರಿ. ಇವರು ಅದನ್ನ ನೆಚ್ಚಿಕೊಂಡು ನಾಳೆ ಹೊಲಿಯೋದು ಕೋಟಲ್ಲ ಕಣ್ರೀ. ಮೈ. ಈ ಬಟನ್ನಿನ ಥರದ ಎಳೇ ಮೈ.

ದರ್ಜಿ ಬಟನ್ ಕಡೆ ನೋಡಿದ. ಅವಳು ಅಳುವ ಮುಖದ ಕಣ್ಣೀರಿಗೆ ಬಿಸ್ಕತ್ತಿನ ಪುಡಿ ಅಂಟಿಸುತ್ತಿದ್ದಳು. ಅವನು ಕೊರಳ ಸುತ್ತ ಅಳತೆ ಟೇಪು ಇರಬೇಕಾದ ಜಾಗವನ್ನು ಕೈಯಿಂದ ತಡವಿಕೊಂಡ.

ದರ್ಜಿ: ಬರ್ಕೋಮ್ಮ. ಏಳು.

ಪ್ರಶ್ನೆ ಅಕ್ಕ: ಸತ್ಯವಾಗಿ?

ದರ್ಜಿ: ನಿಂತಾಗ ಏಳು. ಕೂತರೆ ಎಂಟು. ಚಪ್ಪಲಿ ಹಾಕುವಾಗ ನಿಮ್ಮ ಹಲಗೇಲಿ ಮುಖ ಸಾಲಲ್ಲ. ಕರೀರಿ ಡಾಕ್ಟ್ರನ್ನ.

ಹೆಂಡತಿ ಸೆರಗಿನಿಂದ ಅವನ ಹಣೆ ಒರೆಸಿದಳು. ಅವನು ಬೇಡವೆನ್ನಲಿಲ್ಲ.

ಡಾಕ್ಟರು ಬಂದರು, ಪರದೆ ಎಳೆದರು. ಈಚೆಗೆ ನಿಂತ ಹೆಂಡತಿಗೆ ಪಟ್ಟಿ ಬಿಚ್ಚುವ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಅವಳು ಬಟನ್ನಿನ ಕೈ ಎಷ್ಟು ಬಿಗಿಯಾಗಿ ಹಿಡಿದಳೆಂದರೆ, ಬಟನ್‌ಗೆ ಆ ದಿನದಲ್ಲಿ ಮೊದಲ ಸಲ ನಿಜವಾಗಿ ನೋವಾಯಿತು.

ಡಾಕ್ಟರು: ಒಳಗೆ ಕೀವಿಲ್ಲ, ಹೊಲಿಗೆ ಗಟ್ಟಿಯಾಗಿದೆ. ಮೇಲಿನ ಚರ್ಮ ಮಾತ್ರ ಉಜ್ಜಿ ಉಜ್ಜಿ ಕಿತ್ತಿದೆ. ಹೀಗೇ ಬಿಟ್ಟಿದ್ರೆ ಈ ವಾರ ಕೀವಾಗೋದು. ಒಳ್ಳೇ ಸಮಯಕ್ಕೆ ಹೇಳಿದ್ರಿ. ಈ ಪ್ಯಾಂಟು ಯಾರು ಹೊಲಿದಿದ್ದು?

ಪರದೆಯ ಹಿಂದೆ ಪ್ಯಾಂಟು ಮುದುರುವ ಸದ್ದಾಯಿತು.

ಡಾಕ್ಟರು: ಸೊಂಟದ ಪಟ್ಟಿ ಸರಿಯಾಗಿ ಗಾಯದ ಮೇಲೇ ಕೂರುತ್ತೆ. ಒಳಗಡೆ ಹೊಲಿಗೆ ಗರಗಸದ ಥರ ಇದೆ. ಸ್ವಲ್ಪ ಸಡಿಲ ಬಿಡೋಕೆ ಆ ದರ್ಜಿಗೆ ಹೇಳಬಾರದಾ?

ಹೆಂಡತಿ: ದಿನಾ ಹೇಳ್ತೀನಿ ಡಾಕ್ಟ್ರೇ. ಆ ದರ್ಜಿ ಯಾರ ಮಾತೂ ಕೇಳಲ್ಲ.

ಪ್ರಶ್ನೆ ಅಕ್ಕ: ನೋವು ಏಳು, ಕಾರಣ ಪ್ಯಾಂಟು. ಬರ್ಕೊಂಡೆ. ನನ್ನ ಪ್ರಶ್ನೆ ಮುಗೀತು ಅಮ್ಮ. ನಾನು ಹೊರಗೆ ಹೋದ ಮೇಲೆ ಯಾರು ಯಾರಿಗೆ ಏನು ಬೇಕಾದ್ರೂ ಹೇಳ್ಕೊಳ್ಳಿ.

ಅವಳು ಬಟನ್‌ನ ಕೈಹಿಡಿದು, ಡ್ರಿಲ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡೋಣ ಬಾ ಎಂದು ಡಾಕ್ಟರ ಹಿಂದೆ ಹೊರಟಳು. ದರ್ಜಿ ಆಸ್ಪತ್ರೆಯ ಸಡಿಲ ಪೈಜಾಮದಲ್ಲಿ, ತನ್ನ ಪ್ಯಾಂಟನ್ನು ಕಂಕುಳಲ್ಲಿ ಮುದುರಿಕೊಂಡು ಪರದೆಯಿಂದ ಈಚೆ ಬಂದ. ಮುಖ ಸಣ್ಣಗಾಗಿತ್ತು, ನಡಿಗೆ ಮಾತ್ರ ಹಗುರಾಗಿತ್ತು.

ದರ್ಜಿ: ಪ್ಯಾಂಟು ಕೈಕೊಟ್ಟರೂ ಆ ಹೊಲಿಗೆ ಗಟ್ಟಿಯಾಗಿ ನಿಂತಿದೆ ಅಂದ್ರಲ್ಲ ಡಾಕ್ಟ್ರು, ಕೇಳಿಸ್ಕೊಂಡೆಯಾ? ಒಂದೇ ಎಳೆಯ ತಾಕತ್ತು.

ಹೆಂಡತಿ: ಒಂದು ಮಾತು ಕೇಳ್ತೀನಿ. ಡಾಕ್ಟ್ರು ಹೊಲಿಯುವಾಗ ನಿಮ್ಮ ಯಾವ ಕಡೆ ನಿಂತಿದ್ರು?

ದರ್ಜಿ: ಎಡಗಡೆ.

ಹೆಂಡತಿ: ಕತ್ತರಿ ಸದ್ದು ಯಾವ ಕಿವಿಗೆ ಕೇಳಬೇಕಿತ್ತು?

ದರ್ಜಿಯ ಕೈ ತಾನಾಗಿ ಎಡಗಿವಿಗೆ ಹೋಯಿತು. ಅವನು ಹೆಂಡತಿಯ ಮುಖ ನೋಡಿದ. ಇಷ್ಟು ದಿನ ಪಟ್ಟಿ ಬದಲಿಸುವಾಗ ಅವಳು ತುಟಿ ಕಚ್ಚಿಕೊಳ್ಳುತ್ತಿದ್ದದ್ದು ನೆನಪಾಯಿತು. ಮರುಕದಿಂದ ಎಂದುಕೊಂಡಿದ್ದ.

ದರ್ಜಿ: ಗಂಟಾ?

ಹೆಂಡತಿ: ಸಾಲಾಗಿ. ಒಂದೊಂದೂ ಮುತ್ತು ಪೋಣಿಸಿದ ಹಾಗೆ.

ದರ್ಜಿ: ಹಾಗಾದ್ರೆ ಇಷ್ಟು ದಿನ ಹಲ್ಲು ಕಚ್ಚಿಕೊಂಡು ನಾನು ಮಾನ ಉಳಿಸ್ತಾ ಇದ್ದಿದ್ದು ನಿನ್ನ ಹೊಲಿಗೇದಾ?

ಹೆಂಡತಿ: ಬಹಳ ಉಪಕಾರವಾಯ್ತು.

ದರ್ಜಿ ಪ್ಯಾಂಟನ್ನು ಅವಳ ಕೈಗೆ ತುರುಕಿ, ಪೈಜಾಮದ ಲಾಡಿ ಹಿಡಿದುಕೊಂಡು ಬಾಗಿಲಿಗೆ ಓಡಿದ. ಮೊಗಸಾಲೆಯ ಆ ತುದಿಯಲ್ಲಿ ಪ್ರಶ್ನೆ ಅಕ್ಕ ಹೋಗುತ್ತಿದ್ದಳು.

ದರ್ಜಿ: ಅಮ್ಮಾ, ನಿಲ್ಲಮ್ಮ. ಆ ಏಳನ್ನ ಹತ್ತು ಮಾಡ್ಕೋ.

ಪ್ರಶ್ನೆ ಅಕ್ಕ ತಿರುಗಿ ನೋಡಲಿಲ್ಲ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ದಾಪುಗಾಲು ಹಾಕಿದಳು. ಅವಳ ಹಿಂದೆ, ಕುಂಟುವುದನ್ನು ಮರೆತು, ಬಟನ್ ಓಡುತ್ತಿದ್ದಳು.