ಭಾವನ ಕೈಗೆ ಕೊಟ್ಟ ರೈಫಲ್

ಮನೆಗೆ ಹೊಸದೊಂದು ವಸ್ತು ತರಬೇಕಾದರೆ ಮೊದಲು ಹಳೆಯದರ ಮಾನ ಕಳೆಯಬೇಕು. ಈ ವಿದ್ಯೆ ನನಗೆ ಬಂದದ್ದು ಹೆಂಡತಿ ವನಜಳಿಂದ. ನಮ್ಮ ಹಳೆಯ ಮಿಕ್ಸಿ ಚೆನ್ನಾಗಿಯೇ ತಿರುಗುತ್ತಿತ್ತು. ಆದರೂ ಒಂದಿಡೀ ಮಳೆಗಾಲ ಅವಳು ಮೀನು ಸಾರು ಬಡಿಸುವಾಗಲೆಲ್ಲ, "ಮಸಾಲೆ ನುಣ್ಣಗಾಗಲಿಲ್ಲ. ಎಂತ ಮಾಡುವುದು, ಮಿಕ್ಸಿ ಹಾಗೆ ಉಂಟು" ಎಂದು ನಿಟ್ಟುಸಿರು ಬಿಡುತ್ತಿದ್ದಳು. ಕೊನೆಕೊನೆಗೆ ನನ್ನ ನಾಲಿಗೆಗೂ ಮಸಾಲೆ ತರಿತರಿಯಾಗಿ ಸಿಗತೊಡಗಿ, ನಾನೇ ಹೋಗಿ ಹೊಸ ಮಿಕ್ಸಿ ತಂದೆ. ಅದೇ ದಾರಿ ಹಿಡಿದು ನಾನು ನನ್ನ ಏರ್ ರೈಫಲ್ಲಿನ ಮಾನ ಕಳೆಯಲು ಹೊರಟೆ.

ಉಡುಪಿಯ ವಿಮಾ ಕಚೇರಿಯಲ್ಲಿ ವಾರವಿಡೀ ಕಂಡವರ ಅಪಘಾತಗಳ ಕಡತ ನೋಡುವ ನನಗೆ ಈ ಭಾನುವಾರದ ಹುಚ್ಚು ಹಿಡಿಸಿದವರು ವನಜಳ ಅಣ್ಣ, ಕಾಪುವಿನ ಸದಾನಂದ ಭಾವ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ನನ್ನ ಹೊತ್ತನ್ನೂ ಸೇರಿಸಿಕೊಂಡು ಕಳೆಯಲು ನಿರ್ಧರಿಸಿದರು. ಆಟ ಇಷ್ಟೇ. ಗೇರು ಮರಗಳ ಹಾಡಿಯ ನಡುವೆ ಅಲ್ಲಲ್ಲಿ ತಗಡಿನ ಕಾಗೆ, ಇಲಿ, ಮೊಲಗಳನ್ನು ನಿಲ್ಲಿಸಿರುತ್ತಾರೆ. ಒಂದೊಂದರ ಮೈಯಲ್ಲೂ ಒಂದು ಸಣ್ಣ ತೂತು. ಪೆಲೆಟ್ ಎಂಬ ಸಣ್ಣ ಸೀಸದ ಗುಂಡು ತೂತಿನೊಳಗೆ ಹೋದರೆ ಕಾಗೆ ಅಡ್ಡ ಬೀಳುತ್ತದೆ. ಅಂಚಿಗೆ ತಾಗಿದರೆ ಹಾಡಿಗೆಲ್ಲ ಕೇಳುವಂತೆ ಟಣ್ ಎಂದು, ನಿಂತಲ್ಲೇ ನಿಂತು ನಮ್ಮನ್ನು ನೋಡುತ್ತದೆ. ಎಷ್ಟು ದೂರವೆಂದು ಯಾರೂ ಹೇಳುವುದಿಲ್ಲ. ನೆಲದಲ್ಲಿ ಕುಳಿತು, ಇರುವೆ ಕಚ್ಚಿಸಿಕೊಳ್ಳುತ್ತಾ, ಸ್ಕೋಪಿನಲ್ಲಿ ನೋಡಿ ಅಂದಾಜು ಮಾಡಬೇಕು. ಕೆಲವರ ಬಳಿ ಮೊದಲೇ ಗಾಳಿ ತುಂಬಿಸಿಟ್ಟ ರೈಫಲ್ ಇರುತ್ತದೆ. ಅದು ಗುಂಡು ಬಿಟ್ಟದ್ದು ಅದಕ್ಕೇ ಗೊತ್ತಾಗುವುದಿಲ್ಲ. ನಮ್ಮಿಬ್ಬರದು ಸ್ಪ್ರಿಂಗಿನದು. ಟ್ರಿಗರ್ ಎಳೆದ ಕೂಡಲೇ ಒಳಗಿನ ಪಿಸ್ಟನ್ ಮುನ್ನುಗ್ಗಿ, ಪೆಲೆಟ್ ನಳಿಗೆ ದಾಟುವ ಮೊದಲೇ ರೈಫಲ್ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಬಿಗಿಯಾಗಿ ಹಿಡಿದಷ್ಟೂ ಗುರಿ ತಪ್ಪುತ್ತದೆ. "ಹಿಡಿಯಬೇಡಿ ಭಾವ. ಅಂಗೈ ಮೇಲೆ ಸುಮ್ಮನೆ ಮಲಗಿಸಿ" ಎಂದು ಅವರು ಪ್ರತಿ ಪಂದ್ಯದಲ್ಲೂ ಹೇಳುತ್ತಿದ್ದರು. "ಆಯಿತು ಭಾವ" ಎಂದು ನಾನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ನಾವಿಬ್ಬರೂ ಪರಸ್ಪರ ಭಾವಂದಿರೇ ಆದ್ದರಿಂದ ಯಾರು ಯಾರಿಗೆ ಬುದ್ಧಿ ಹೇಳುತ್ತಿದ್ದಾರೆಂದು ದೂರದವರಿಗೆ ತಿಳಿಯುತ್ತಿರಲಿಲ್ಲ ಎಂಬುದೊಂದೇ ಸಮಾಧಾನ.

ಸೋತು ಸಂತೆಕಟ್ಟೆಯ ಮನೆಗೆ ಬಂದಾಗಲೆಲ್ಲ ನಾನು ರೈಫಲ್ಲನ್ನು ಮೂಲೆಗಿಟ್ಟು ನಿಟ್ಟುಸಿರು ಬಿಡತೊಡಗಿದೆ. "ಸ್ಪ್ರಿಂಗ್ ಇವತ್ತು ಇದ್ದ ಹಾಗೆ ನಾಳೆ ಇಲ್ಲ" ಎಂದೆ. ಇನ್ನೊಮ್ಮೆ, "ನಳಿಗೆಯೇ ಸೊಟ್ಟ ಇರಬೇಕು" ಎಂದೆ. ವನಜ ಬಟ್ಟೆ ಮಡಚುತ್ತಾ, "ಅಣ್ಣನದ್ದೂ ಅದೇ ಕಂಪೆನಿಯದ್ದಲ್ವಾ?" ಎಂದಳು. ಒಂದೇ ಕಂಪೆನಿಯಾದರೂ ನನ್ನದನ್ನು ಮಾಡಿದ ದಿನ ಅಲ್ಲಿಯ ಕೆಲಸಗಾರರಿಗೆ ಮನಸ್ಸಿರಲಿಲ್ಲ ಎಂದು ವಿವರಿಸಿದೆ. ಈ ರಗಳೆ ತಿಂಗಳುಗಟ್ಟಲೆ ನಡೆದ ಮೇಲೆ ಅವಳು, "ಕಾರ್ಕಳದ ಪಂದ್ಯಕ್ಕೆ ನಾನೂ ಬರುತ್ತೇನೆ. ಅಷ್ಟು ಹಾಳಾಗಿದ್ದರೆ ಹೊಸದು ತೆಗೆದುಕೊಳ್ಳಿ, ನನಗೆ ಕೇಳಿ ಕೇಳಿ ಸಾಕಾಯಿತು" ಎಂದಳು.

ವಿಚಿತ್ರವೆಂದರೆ ಕಾರ್ಕಳದಲ್ಲಿ ನಾನು ಎಂದೂ ಇಲ್ಲದ ಹಾಗೆ ಚೆನ್ನಾಗಿ ಹೊಡೆದೆ. ಸ್ಪ್ರಿಂಗ್ ವಿಭಾಗದಲ್ಲಿ ನಾನೂ ಭಾವನೂ ಸಮ ಬಂದೆವು. ಗೆಲ್ಲುವ ಆಸೆ ಒಂದು ಕಡೆ, ಗೆದ್ದರೆ ಹೊಸ ರೈಫಲ್ ಹೋಯಿತಲ್ಲ ಎಂಬ ಸಂಕಟ ಇನ್ನೊಂದು ಕಡೆ. ತೀರ್ಪುಗಾರರಾಗಿದ್ದ ಮಣಿಪಾಲದ ದಂತವೈದ್ಯರೊಬ್ಬರು ಎರಡು ಬಂಡೆಗಳ ನಡುವಿನ ಕಾಗೆಯನ್ನು ತೋರಿಸಿ, "ಇಬ್ಬರಿಗೂ ಒಂದೊಂದೇ ಗುಂಡು. ಗಾಬರಿ ಬೇಡ, ಒಂದು ನಿಮಿಷದ ಕೆಲಸ" ಎಂದು ಹಲ್ಲು ಕೀಳುವವರ ದನಿಯಲ್ಲೇ ಹೇಳಿದರು. ಮೊದಲ ಸರದಿ ನನ್ನದು. ಉಸಿರು ಹಿಡಿದೆ, ಅದಕ್ಕಿಂತ ಗಟ್ಟಿಯಾಗಿ ರೈಫಲ್ ಹಿಡಿದೆ. ಟಣ್. ನಾನು ತಿರುಗಿ ವನಜಳನ್ನು ನೋಡಿದೆ. ಅವಳು ಅನುಕಂಪದಿಂದ ತಲೆಯಾಡಿಸಿದಳು. ಆ ಕ್ಷಣಕ್ಕೆ ಹೊಸ ರೈಫಲ್ ನನ್ನ ಹೆಗಲ ಮೇಲೆ ಬಂದು ಕುಳಿತ ಹಾಗಾಯಿತು.

ಸ್ಪ್ರಿಂಗ್ ಬಿಗಿಯಲು ಭಾವ ತಮ್ಮ ರೈಫಲ್ಲಿನ ನಳಿಗೆ ಬಗ್ಗಿಸಿದರು. ಒಳಗಿನಿಂದ ಕಟಕ್ ಎಂಬ ಸದ್ದು ಬಂತು. ಸ್ಪ್ರಿಂಗ್ ಮುರಿದಿತ್ತು. "ಬೇರೆ ಇದ್ದರೆ ಬಳಸಬಹುದು. ಇಲ್ಲದಿದ್ದರೆ ಇಬ್ಬರೂ ಸಮ" ಎಂದರು ದಂತವೈದ್ಯರು. ಸುಮ್ಮನೆ ಇದ್ದಿದ್ದರೆ ಅರ್ಧ ಗೆಲುವಾದರೂ ಸಿಗುತ್ತಿತ್ತು. ಆದರೆ ನನಗೆ ಅತಿಬುದ್ಧಿ ಹೊಳೆಯಿತು. ಇಷ್ಟು ಚೆನ್ನಾಗಿ ಹೊಡೆಯುವ ಭಾವನೇ ನನ್ನ ರೈಫಲ್ಲಿನಲ್ಲಿ ತಪ್ಪಿದರೆ ವನಜಳಿಗೆ ಬೇರೆ ಸಾಕ್ಷಿ ಏಕೆ ಬೇಕು? "ನನ್ನದು ತೆಗೆದುಕೊಳ್ಳಿ ಭಾವ. ಆಟ ದೊಡ್ಡದು, ನಾವಲ್ಲ" ಎಂದೆ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಭಾವನ ಕಣ್ಣು ತುಂಬಿ ಬಂತು. "ನಿಮ್ಮ ಹಾಗಿನ ಮನಸ್ಸು ಯಾರಿಗುಂಟು ಮಾರಾಯ್ರೆ" ಎಂದು ಅವರು ನನ್ನ ರೈಫಲ್ಲನ್ನು ಎಡ ಅಂಗೈ ಮೇಲೆ ಮಲಗಿಸಿ, ಬೆರಳುಗಳನ್ನು ಬಿಡಿಸಿಟ್ಟು, ಟ್ರಿಗರ್ ಎಳೆದರು. ಕಾಗೆ ಸದ್ದಿಲ್ಲದೆ ಅಡ್ಡ ಬಿತ್ತು.

"ಎಂಥ ರೈಫಲ್ ಭಾವ. ಬೆಣ್ಣೆ. ಯಾರು ಎಷ್ಟು ಕೊಡುತ್ತೇನೆಂದರೂ ಇದನ್ನು ಬಿಡಬೇಡಿ" ಎಂದು ಅವರು ವನಜಳಿಗೆ ಚೆನ್ನಾಗಿ ಕೇಳುವಂತೆ ಹೇಳಿ ರೈಫಲ್ ಮರಳಿಸಿದರು. ವನಜ ಏನೂ ಅನ್ನಲಿಲ್ಲ. ಮನೆ ತಲುಪುವವರೆಗೂ ಅನ್ನಲಿಲ್ಲ. ಅಂದಿದ್ದರೆ ನಾನು ಜಗಳವಾಡಬಹುದಿತ್ತು.

ಆಮೇಲೆ, ಬೇರೆ ದಾರಿಯಿಲ್ಲದೆ, ನಾನೂ ಅಂಗೈ ಮೇಲೆ ಮಲಗಿಸಿ ಹೊಡೆಯಲು ಕಲಿತೆ. ಕಾಗೆಗಳು ಬೀಳತೊಡಗಿವೆ. ಬಿದ್ದಾಗಲೆಲ್ಲ ಹಾಡಿಯಲ್ಲಿ ಯಾರಾದರೊಬ್ಬರು ಪಕ್ಕದವರಿಗೆ, "ಅದು ಅವರ ಭಾವ ಗೆದ್ದ ರೈಫಲ್, ಬೀಳದೆ ಎಂತ ಮಾಡುತ್ತದೆ" ಎನ್ನುತ್ತಾರೆ. ತಪ್ಪಿದರೆ ಮಾತ್ರ ನನ್ನ ಹೆಸರು ಹಿಡಿದು ಹೇಳುತ್ತಾರೆ.