ವರ್ಲಿನ್ ಸ್ಟ್ರೌಡ್ ಏಸಿ ಕಿತ್ತ ದಿನ

ವರ್ಲಿನ್ ಸ್ಟ್ರೌಡ್‌ಗೆ ಇಲ್ಲದೇ ಇದ್ದದ್ದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಬೇರೆಲ್ಲ ಇತ್ತು. ಹೆಂಡತಿ ಇದ್ದಳು, ಶಾಲಾ ಬಸ್ಸು ಓಡಿಸುವ ಕೆಲಸ ಇತ್ತು, ಅರವತ್ತೊಂಬತ್ತನೇ ಇಸವಿಯ ದೊಡ್ಡ ಎಂಜಿನ್ನಿನ ಕಪ್ಪು ಮಸಲ್ ಕಾರು ಇತ್ತು. ಆದರೆ ಕಾಲು ಮೈಲಿಯ ಓಟದಲ್ಲಿ ಆರು ವರ್ಷದಿಂದ ರಾಯ್ಸ್ ಹ್ಯಾಡಕ್‌ನ ಕಾರು ಅಷ್ಟೇ ಮುಂದಾಗಿ ಗೆರೆ ದಾಟುತ್ತಿತ್ತು. ಗೆದ್ದವನ ಹೆಸರನ್ನು ಟ್ರ್ಯಾಕಿನ ಗೇಟಿನ ಮೇಲಿನ ಹಲಗೆಯಲ್ಲಿ ಬರೆಯುತ್ತಾರೆ. ರಾಯ್ಸ್ ಹ್ಯಾಡಕ್ ಎಂದು ನಾಲ್ಕು ಸಲ ಬರೆದು ಬೇಸತ್ತ ಪೇಂಟರ್, ಕೊನೆಯ ಎರಡು ಸಲ ‘ಅದೇ ಮನುಷ್ಯ’ ಎಂದಷ್ಟೇ ಬರೆದಿದ್ದ.

ನೂರು ಪೌಂಡು ತೂಕ ಇಳಿಸಿದರೆ ಸೆಕೆಂಡಿನ ಹತ್ತನೇ ಒಂದು ಭಾಗ ಸಿಗುತ್ತದೆ ಎಂಬುದು ಆ ಮರುಭೂಮಿಯ ಊರಿನಲ್ಲಿ ಮಕ್ಕಳಿಗೂ ಗೊತ್ತಿದ್ದ ಲೆಕ್ಕ. ವರ್ಲಿನ್‌ನ ಕಾರಿನಲ್ಲಿ ಆ ನೂರು ಪೌಂಡು ಎಲ್ಲಿ ಕೂತಿದೆ ಎಂಬುದೂ ಗೊತ್ತಿತ್ತು. ಅದು ಕಾರ್ಖಾನೆಯಿಂದಲೇ ಬಂದ ಏಸಿ. ಐವತ್ತು ವರ್ಷ ದಾಟಿದ್ದರೂ ಹಲ್ಲು ಕಟಕಟ ಅನ್ನಿಸುವಷ್ಟು ತಣ್ಣಗೆ ಬೀಸುತ್ತಿತ್ತು. ರಾಯ್ಸ್ ಆ ಕಾರಿಗೆ ‘ಫ್ರಿಜ್ಜು’ ಎಂದು ಹೆಸರಿಟ್ಟಿದ್ದ.

ಜೂನ್ ತಿಂಗಳ ಆ ಶನಿವಾರ ಬೆಳಿಗ್ಗೆ ಆರಕ್ಕೆ ವರ್ಲಿನ್ ಮನೆಯ ಮುಂದೆ ಬಾನೆಟ್ ಎತ್ತಿದ. ಏಸಿಯ ಗ್ಯಾಸನ್ನು ಹಿಂದಿನ ದಿನವೇ ಗ್ಯಾರೇಜಿನವನು ಹೀರಿಕೊಂಡು ಹೋಗಿದ್ದ. ಆರೂಕಾಲಕ್ಕೆ ಪಕ್ಕದ ಮನೆಯ ಕ್ವಿರೋಜ್ ಮಡಚುವ ಕುರ್ಚಿ ಹಿಡಿದುಕೊಂಡು ಬಂದು ಕೂತ. ನಲವತ್ತು ವರ್ಷ ಊರವರ ಮನೆಗೆಲ್ಲ ಏಸಿ ಕೂರಿಸಿ ನಿವೃತ್ತನಾದವನು.

“ಏನೋ ಮಾಡ್ತಿದೀಯ?”

“ಏಸಿ ಬಿಚ್ತಿದೀನಿ.”

“ರಿಪೇರಿಗಾ?”

“ಬಿಸಾಕಕ್ಕೆ.”

ಕ್ವಿರೋಜ್ ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡ. “ಲೋ, ಇಲ್ಲಿ ನೂರ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಹಲ್ಲಿಗಳೇ ನೆರಳು ಹುಡುಕ್ತವೆ. ನೀನು ಏಸಿ ಕೀಳ್ತೀಯಾ? ನಿನ್ನ ತಲೇಲೂ ಗ್ಯಾಸ್ ಖಾಲಿಯಾಗಿದೆ.”

“ನಂಗೆ ಸೆಖೆ ಆಗಲ್ಲ.”

“ಸತ್ತೋರು ಮಾತ್ರ ಹಾಗಂತಾರೆ.”

ಕಂಪ್ರೆಸರು ಹೊರಬರುವ ಹೊತ್ತಿಗೆ ಎದುರು ಮನೆಯ ಮಿಸೆಸ್ ಪ್ರೂಟ್ ರಸ್ತೆ ದಾಟಿ ಬಂದಳು. ವಯಸ್ಸು ಎಪ್ಪತ್ತೆಂಟು. ಪ್ರತಿ ಭಾನುವಾರ ಅವಳು ಚರ್ಚಿಗೆ ಹೋಗುತ್ತಿದ್ದದ್ದು ಇದೇ ಕಾರಿನಲ್ಲಿ, ಸ್ವೆಟರು ಹಾಕಿಕೊಂಡು.

“ವರ್ಲಿನ್, ಆ ಕಬ್ಬಿಣ ವಾಪಸ್ ಇಡು.”

“ಆಗಲ್ಲ ಅಮ್ಮಾವ್ರೇ.”

“ಹಾಗಾದ್ರೆ ನಾಳೆ ನಾನು ಚರ್ಚಿಗೆ ಹೆಂಗಪ್ಪಾ ಹೋಗಲಿ?”

“ಗಾಜು ಇಳಿಸ್ಕೊಂಡು.”

“ಗಾಜು ಇಳಿಸ್ಕೊಂಡು ಹೋಗೋ ಜಾಗ ಬೇರೆ ಇದೆ. ಅಲ್ಲಿಗೆ ನೀನೇ ಹೋಗ್ತೀಯ, ನೋಡ್ತಿರು.”

ಎಂಜಿನ್ನಿಗೂ ಸೀಟಿಗೂ ನಡುವಿನ ತಗಡಿನ ಗೋಡೆಯಲ್ಲಿ ಕೂತಿದ್ದ ದೊಡ್ಡ ಪೆಟ್ಟಿಗೆ ಕಿತ್ತಾಗ, ಅಲ್ಲಿ ಬೆಕ್ಕು ನುಸುಳುವಷ್ಟು ತೂತು ಉಳಿಯಿತು. ವರ್ಲಿನ್ ಅಡುಗೆಮನೆಗೆ ಹೋಗಿ ಹೆಂಡತಿ ಜೋಲೀನ್ ಬಿಸ್ಕತ್ತು ಬೇಯಿಸುವ ತಟ್ಟೆ ತಂದು, ಕತ್ತರಿಸಿ, ತೂತಿಗೆ ಸ್ಕ್ರೂ ಹೊಡೆದ. ಜೋಲೀನ್ ಬಾಗಿಲಲ್ಲಿ ನಿಂತು ನೋಡಿದಳು.

“ಅದು ನಮ್ಮಮ್ಮನ ತಟ್ಟೆ.”

“ಇವತ್ತು ಗೆದ್ದು ಬರ್ತದೆ ನೋಡು.”

“ನಿನಗಿಂತ ಅದಕ್ಕೇ ಜಾಸ್ತಿ ಬುದ್ಧಿ ಇದೆ” ಎಂದು ಜೋಲೀನ್ ಒಳಗೆ ಹೋದಳು.

ಕಿತ್ತ ಸಾಮಾನನ್ನೆಲ್ಲ ಮೈತೂಕ ನೋಡುವ ಬಾತ್‌ರೂಮಿನ ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟು ನೋಡಿದ. ತೊಂಬತ್ತಾರು ಪೌಂಡು.

ಟ್ರ್ಯಾಕಿನ ದೀಪದ ಕಂಬಗಳು ಕೆಟ್ಟಿದ್ದರಿಂದ ಆ ವರ್ಷ ಓಟ ಹಗಲಿಗೇ ಬಿದ್ದಿತ್ತು. ಗೇಟಿನಲ್ಲಿ ತೂಕದ ಕಟ್ಟೆ. ನಿಯಮ ಸರಳ: ಓಡಿಸುವವನೂ ಸೇರಿ ಕಾರು ಮೂರು ಸಾವಿರದ ಎಂಟುನೂರು ಪೌಂಡಿಗಿಂತ ಕಡಿಮೆ ಇರಕೂಡದು. ಒಳಗೆ ಬರುವಾಗ ಒಮ್ಮೆ ತೂಗುತ್ತಾರೆ. ಕೊನೆಯಲ್ಲಿ ಗೆದ್ದವನನ್ನು ಮತ್ತೆ ತೂಗುತ್ತಾರೆ.

“ಮೂರು ಸಾವಿರದ ಎಂಟುನೂರ ಆರು” ಎಂದ ತೂಕದವನು. “ಚೆನ್ನಾಗಿದೆ. ಹಂಗೇ ಇರಲಿ.”

“ಆರು ಪೌಂಡು ಧರ್ಮಕ್ಕೆ ಹೊತ್ಕೊಂಡು ಓಡ್ಲಾ?” ವರ್ಲಿನ್ ಕಾಲಡಿಯ ಮ್ಯಾಟುಗಳನ್ನು ಕಿತ್ತು ಎಸೆದ. ಮುಳ್ಳು ಎಂಟುನೂರಕ್ಕೆ ಸರಿಯಾಗಿ ನಿಂತಿತು. ಪೆಟ್ರೋಲಿನ ಲೆಕ್ಕವನ್ನೂ ಬಿಡಲಿಲ್ಲ. ತೂಕವಾದ ಮೇಲೆ, ಓಟಗಳಲ್ಲಿ ಎಷ್ಟು ಸುಡುತ್ತದೋ ಅಷ್ಟನ್ನೇ ಅಳೆದು ಟ್ಯಾಂಕಿಗೆ ಸೇರಿಸಿದ. ಔಷಧಿ ಅಂಗಡಿಯವನೂ ಅಷ್ಟು ಜೋಪಾನವಾಗಿ ಹನಿ ಎಣಿಸುವುದಿಲ್ಲ.

ಓಡುವಾಗಲೂ, ಸಾಲಿನಲ್ಲಿ ಕಾಯುವಾಗಲೂ ಗಾಜು ಮುಚ್ಚಿರಬೇಕು ಎಂಬುದು ಇನ್ನೊಂದು ನಿಯಮ. ಎರಡು ಗಂಟೆಯಿಂದ ಐದು ಗಂಟೆಯವರೆಗೆ ವರ್ಲಿನ್ ಆ ಕಪ್ಪು ಕಾರಿನೊಳಗೆ ಓವನ್ನಿನಲ್ಲಿಟ್ಟ ಬ್ರೆಡ್ಡಿನ ಹಾಗೆ ಕೂತ. ಬಿಸ್ಕತ್ತಿನ ತಟ್ಟೆ ತನ್ನ ಹಳೆಯ ಕೆಲಸ ಮರೆತಿರಲಿಲ್ಲ, ಎಂಜಿನ್ನಿನ ಕಾವನ್ನೆಲ್ಲ ಅವನ ಮೊಣಕಾಲಿಗೆ ಬಡಿಸಿತು. ಮೊದಲನೇ ಓಟ ಗೆದ್ದ. ಎರಡನೆಯದೂ ಗೆದ್ದ.

ತಮಾಷೆ ನೋಡಲು ಬಂದಿದ್ದ ಕ್ವಿರೋಜ್ ನೀರಿನ ಬಾಟಲಿ ಹಿಡಿದು ಗಾಜು ತಟ್ಟಿದ. “ಕುಡಿಯೋ ಮಾರಾಯ. ಮುಖ ಬೇಯಿಸಿದ ಸೀಗಡಿ ಥರ ಆಗಿದೆ.”

“ನಂಗೆ ಸೆಖೆ ಇಲ್ಲ.”

ಮಿಸೆಸ್ ಪ್ರೂಟ್ ಐಸ್ ಹಾಕಿದ ಟೀ ತುಂಬಿದ ಜಗ್ಗು ತಂದಳು. “ಒಂದು ಗುಟುಕು ಕುಡಿ. ‘ತಪ್ಪಾಯ್ತು ಅಮ್ಮಾ’ ಅಂತ ಒಂದು ಮಾತು ಹೇಳಿ ಕುಡಿ.”

“ಬಾಯಾರಿಕೆ ಇಲ್ಲ ಅಮ್ಮಾವ್ರೇ.”

ಹೋದ ವರ್ಷ ಗೆದ್ದವನಾದ್ದರಿಂದ ನೇರ ಫೈನಲ್ಲಿಗೇ ಇಳಿಯಲಿದ್ದ ರಾಯ್ಸ್, ಛತ್ರಿಯ ನೆರಳಲ್ಲಿ ನಿಂಬೆ ಶರಬತ್ತು ಹೀರುತ್ತ ಕೂಗಿದ: “ಫ್ರಿಜ್ಜು ಕೆಟ್ಟೋಯ್ತಾ ವರ್ಲಿನ್? ಐಸು ಕಳಿಸ್ಲಾ?”

ಅದರ ಮೇಲೆ ವರ್ಲಿನ್ ಎಂಜಲನ್ನೂ ನುಂಗಲಿಲ್ಲ.

ಫೈನಲ್ಲಿನಲ್ಲಿ ಹಸಿರು ದೀಪ ಬಿತ್ತು. ಎರಡೂ ಕಾರು ಒಟ್ಟಿಗೇ ಹಾರಿದವು. ಕಾಲು ಮೈಲಿಯ ಕೊನೆಯಲ್ಲಿ ವರ್ಲಿನ್‌ನ ಕಾರಿನ ಮೂತಿ ಒಂದು ಮೊಳ ಮುಂದಿತ್ತು. ಕ್ವಿರೋಜ್ ಕುರ್ಚಿಯಿಂದ ಹಾರಿ ಎದ್ದ. ಮಿಸೆಸ್ ಪ್ರೂಟ್ ತನಗೇ ಗೊತ್ತಿಲ್ಲದೆ ಚಪ್ಪಾಳೆ ಹೊಡೆದಳು. ಪೇಂಟರ್ ಏಣಿ ಹತ್ತಿ ಕುಂಚ ಅದ್ದಿಕೊಂಡ, ಆರು ವರ್ಷದ ಮೇಲೆ ಹೊಸ ಹೆಸರು ಬರೆಯುವ ಖುಷಿಯಲ್ಲಿ.

ವರ್ಲಿನ್ ಕಾರನ್ನು ತೂಕದ ಕಟ್ಟೆಗೆ ಹತ್ತಿಸಿದ. ತೂಕದವನು ಮುಳ್ಳು ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

“ಮೂರು ಸಾವಿರದ ಏಳುನೂರ ತೊಂಬತ್ತೇಳು.”

“ನಿನ್ನ ತಕ್ಕಡಿ ಕೆಟ್ಟಿದೆ.”

ರಾಯ್ಸ್‌ನ ಕಾರನ್ನು ಹತ್ತಿಸಿ ನೋಡಿದರು. ತಕ್ಕಡಿ ಸರಿಯಾಗಿತ್ತು. ವರ್ಲಿನ್‌ನ ಟ್ಯಾಂಕು ಅಳೆದರು, ಲೆಕ್ಕದಷ್ಟೇ ಪೆಟ್ರೋಲಿತ್ತು. ಚಕ್ರ, ಬ್ಯಾಟರಿ, ಬೋಲ್ಟು ಎಲ್ಲ ಇದ್ದವು. ಬಿಸ್ಕತ್ತಿನ ತಟ್ಟೆಯೂ ಇತ್ತು. ಎಲ್ಲರೂ ಕಾರಿನ ಸುತ್ತ ಸುತ್ತುತ್ತಿದ್ದಾಗ ಕ್ವಿರೋಜ್ ಒಬ್ಬನೇ ವರ್ಲಿನ್‌ನ ಅಂಗಿಯನ್ನು ನೋಡುತ್ತ ನಿಂತಿದ್ದ. ಬೆವರು ಮೈಮೇಲೆ ನಿಲ್ಲದೆ ಆರಿಹೋಗುವ ಸೀಮೆ ಅದು. ನೀಲಿ ಅಂಗಿಯ ತುಂಬ ಬಿಳಿ ಉಪ್ಪು.

“ಕಾರಲ್ಲಿ ಏನೂ ಕಮ್ಮಿಯಾಗಿಲ್ಲ ಕಣ್ರೋ” ಎಂದ ಕ್ವಿರೋಜ್. “ಓಡಿಸಿದೋನು ಕಮ್ಮಿಯಾಗಿದಾನೆ.”

ಎಲ್ಲರೂ ಅಂಗಿಯ ಕಡೆ ತಿರುಗಿದರು. ಆಮೇಲೆ ವರ್ಲಿನ್ ಬಾಯಿ ತೆರೆದ. “ಅಮ್ಮಾವ್ರೇ, ಆ ಜಗ್ಗು ಕೊಡಿ!”

ತೂಕದವನು ಕೈ ಅಡ್ಡ ಹಿಡಿದ. “ಈಗ ಎಷ್ಟು ಬೇಕಾದ್ರೂ ಕುಡಿಯಪ್ಪಾ, ಲೆಕ್ಕಕ್ಕೆ ಬರಲ್ಲ. ತೂಕ ಆಯ್ತು.”

“ಹಾಗಾದ್ರೆ ಬೇಡ” ಎಂದ ವರ್ಲಿನ್. “ನಂಗೇನೂ ಬಾಯಾರಿಕೆ ಇರಲಿಲ್ಲ.”

ಏಣಿಯ ಮೇಲಿದ್ದ ಪೇಂಟರ್ ಉಸಿರು ಬಿಟ್ಟು ‘ಅದೇ ಮನುಷ್ಯ’ ಎಂದು ಬರೆದ. ವರ್ಲಿನ್ ಮನೆಯವರೆಗೂ ಗಾಜು ಇಳಿಸದೆ ಓಡಿಸಿಕೊಂಡು ಹೋದ.

ಆ ದಿನ ಹೋದದ್ದು ಇಷ್ಟು: ಏಸಿ, ತೊಂಬತ್ತಾರು ಪೌಂಡು. ಮ್ಯಾಟು, ಆರು. ವರ್ಲಿನ್, ಮೂರು.