ನಾನೂರು ವೋಲ್ಟಿಗೆ ಒಂದು ಬೆರಳು

ನನ್ನ ಮೈದುನನಿಗೆ ಕರೆಂಟು ಹೆದರುತ್ತದೆ. ಅವನು ಕರೆಂಟಿಗೆ ಹೆದರಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ಹೆಸರು ಹೇಳುವುದಿಲ್ಲ; ಗುಬ್ಬಿಯಲ್ಲಿ ಅವನಿಗೆ ಇನ್ನೂ ಗಿರಾಕಿಗಳಿದ್ದಾರೆ.

ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಕಟ್ಟುವುದು ಅವನ ಕೆಲಸ. ಟೆಸ್ಟರ್ ಹಿಡಿದವನಲ್ಲ. ಬೆರಳಿನ ಹಿಂಭಾಗವನ್ನು ವೈರಿಗೆ ತಾಗಿಸಿ, "ನೂರೆಂಬತ್ತು ವೋಲ್ಟೈತೆ. ಮೋಟ್ರು ಹಾಕ್ಬೇಡಿ, ಸುಟ್ಟೋಯ್ತದೆ" ಎನ್ನುತ್ತಾನೆ. ಮೀಟರ್ ತಂದು ನೋಡಿದವರಿಗೂ ಅಷ್ಟೇ ಬರುತ್ತಿತ್ತು. ಹೆಣ್ಣು ನೋಡಲು ಕುಣಿಗಲ್ಲಿಗೆ ಹೋದಾಗಲೂ ಹುಡುಗಿಯ ಮುಖ ನೋಡುವ ಮೊದಲು ಅವರ ಮನೆಯ ಗ್ರೈಂಡರ್ ಮುಟ್ಟಿ, "ಅರ್ತಿಂಗ್ ಇಲ್ಲ" ಎಂದ. ಮದುವೆ ಆಯಿತು. ಅರ್ತಿಂಗ್ ಇವತ್ತಿಗೂ ಇಲ್ಲ.

ಮೊನ್ನೆ ಅವನ ಅಳಿಯ ತುಮಕೂರಿನಿಂದ ಕರೆಂಟು ಕಾರು ತಂದು ನಮ್ಮ ಮನೆ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿದ. ಒಳಗೆ ನನ್ನ ಹೆಬ್ಬೆರಳಿನಷ್ಟು ದಪ್ಪದ ಕಿತ್ತಳೆ ಬಣ್ಣದ ವೈರು.

"ಅದನ್ನ ಮುಟ್ಟಂಗಿಲ್ಲ ಮಾವ. ನಾನೂರು ವೋಲ್ಟು."

"ಬ್ಯಾಟ್ರೀಲಿ ನಾನೂರಾ? ಯಾರ್ ಹೇಳಿದ್ರು ನಿಮ್ಗೆ? ಲಾರೀದೇ ಇಪ್ಪತ್ನಾಕು."

"ಕೆಳಗಡೆ ನೂರು ಸೆಲ್ ಸಾಲಾಗಿ ಜೋಡ್ಸವ್ರೆ."

"ಮತ್ತೆ ಈ ಪುಟ್ಟ ಬ್ಯಾಟ್ರಿ ಯಾಕೆ?"

"ಅದು ಹನ್ನೆರಡು. ಅದು ಡೌನ್ ಆದ್ರೆ ದೊಡ್ಡದು ಏಳೋದೇ ಇಲ್ಲ."

ನನಗೆ ತಲೆ ಕೆಟ್ಟಿತು. ನಾನೂರರ ಜಟ್ಟಿಯನ್ನು ಎಬ್ಬಿಸಲು ಹನ್ನೆರಡರ ಕೂಸು ಬೇಕೆ? ಮೈದುನ ಎರಡನ್ನೂ ನೋಡಿದ, ನನ್ನನ್ನೂ ನೋಡಿದ. ನಾನೇನು ಹೇಳಲಿ? ಫ್ರಿಜ್ಜಿನ ಬಾಗಿಲು ತೆಗೆದರೆ ದೀಪ ಯಾಕೆ ಹತ್ತುತ್ತದೆ ಎಂಬುದೇ ನನಗೆ ಇನ್ನೂ ತಿಳಿದಿಲ್ಲ.

ಅಳಿಯ ಫೋನ್ ಬಂತೆಂದು ರಸ್ತೆಗೆ ಹೋದ. ಇವನು ಜೇಬಿನಿಂದ ಬ್ಲೇಡು ತೆಗೆದ.

"ಒಂಚೂರು ಸುಲ್ದು ಮುಟ್ಟಿ ನೋಡ್ತೀನಿ ಅತ್ಗೆ."

"ಸತ್ರೆ ಹನ್ನೊಂದನೇ ದಿನಕ್ಕೆ ವಡೆ ಸುಡೋಳು ನಾನು. ತೆಗಿ ಕೈ."

ತೆಗೆಯಲಿಲ್ಲ. ಆ ಬೆರಳನ್ನೇ ಹಿಡಿದು ಉಗುರು ಇಳಿಯುವಂತೆ ಚಿವುಟಿದೆ. ರಕ್ತ ಜಿನುಗಿತು. ಅವನು ವೈರನ್ನೇ ನೋಡುತ್ತಿದ್ದ.

"ನೋಯಲ್ವೇನೋ?"

ಬ್ಲೇಡು ಜೇಬಿಗೆ ಹೋಯಿತು. "ಎರಡ್ ವರ್ಷ ಆಯ್ತು ಅತ್ಗೆ. ಆ ಬೆರಳಿಗೆ ಏನೂ ತಿಳಿಯಕಿಲ್ಲ. ಬಲ್ಬ್ ಉರಿಯೋದ್ ನೋಡ್ಕಂಡು ಹೇಳ್ತಿದೀನಿ. ನಾನೂರಾದ್ರೂ ತಿಳೀತದೇನೋ ಅಂತ."

ಅಷ್ಟರಲ್ಲಿ ಅಳಿಯ ಬಂದ. "ಏನ್ ಮಾವ, ಎಷ್ಟೈತಂತೆ?" ಎಂದು ನಕ್ಕ.

ಮೈದುನ ತಲೆ ಎತ್ತಲಿಲ್ಲ. ಬೆರಳು ಇನ್ನೂ ನನ್ನ ಕೈಯಲ್ಲೇ ಇತ್ತು. ಸೆರಗಿನಲ್ಲಿ ಅದನ್ನು ಸುತ್ತಿ ಹಿಡಿದು ನಾನೇ ಹೇಳಿದೆ:

"ಮುನ್ನೂರ ತೊಂಬತ್ತೆಂಟಂತೆ ಕಣಪ್ಪ. ಮುಟ್ಟದೇನೇ ಹೇಳ್ದ."